ಬಂದವರಿಗೆ ಗೈರುಹಾಜರಿ ಬೀಳಬಾರದು

ಚಿತ್ರದುರ್ಗದಲ್ಲಿ ಹೋಟೆಲಿನವರು, ಗೈಡ್‌ಗಳು, ಆಟೋ ಓಡಿಸುವವರು ಮತ್ತು ಕಾಲೇಜು ಹುಡುಗರ ಮುಂದೆ ಡಿಜಿಟಲ್ ಪ್ರವಾಸಿ ಪಾಸಿನ ಬಗ್ಗೆ ಆಡಿದ ಮಾತು ಇದು. ಎರಡೆರಡು ಸಲ ಹೇಳಿದ್ದನ್ನು ಒಂದು ಸಲಕ್ಕೆ ಇಳಿಸಿದ್ದೇನೆ. ಉಳಿದದ್ದನ್ನು ಹೆಚ್ಚು ತಿದ್ದಿಲ್ಲ.

ಎಲ್ಲರಿಗೂ ನಮಸ್ಕಾರ.

ನಾನು ದಾವಣಗೆರೆಯಲ್ಲಿ ಕಾಲೇಜು ಓದಿದವನು. ಓದಿದ್ದಕ್ಕಿಂತ ಪ್ರಾಕ್ಸಿ ಕೂಗಿದ್ದೇ ಜಾಸ್ತಿ. ಮೇಷ್ಟ್ರು ತಲೆ ಎತ್ತದೆ ನಂಬರ್ ಕರೆಯುತ್ತಿದ್ದರು. ನನ್ನ ನಂಬರಿಗೆ ಒಂದು ದನಿ, ಗೆಳೆಯನ ನಂಬರಿಗೆ ಇನ್ನೊಂದು ದನಿ. ಗೆಳೆಯ ಆ ಹೊತ್ತಿಗೆ ಬೆಣ್ಣೆದೋಸೆ ಮುಂದೆ ಕೂತಿರುತ್ತಿದ್ದ. ಒಂದು ದಿನ ಅವನು ತಡವಾಗಿ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದು ನನಗೆ ಗೊತ್ತಾಗಲಿಲ್ಲ. ಅವನ ನಂಬರಿಗೆ ಇಬ್ಬರೂ ಒಟ್ಟಿಗೆ ‘ಎಸ್ ಸಾರ್’ ಅಂದೆವು. ಮೇಷ್ಟ್ರು ಇಬ್ಬರಿಗೂ ಗೈರುಹಾಜರಿ ಹಾಕಿದರು. ನನಗೆ ಬಿದ್ದಿದ್ದು ನ್ಯಾಯವೇ. ಅವನು ಮಾತ್ರ ಅಪರೂಪಕ್ಕೆ ನಿಜವಾಗಿ ಬಂದಿದ್ದ! ಇಷ್ಟು ವರ್ಷವಾದರೂ ಸಿಕ್ಕಾಗೆಲ್ಲ ಅದನ್ನೇ ಎತ್ತುತ್ತಾನೆ.

ಇವತ್ತಿನ ವಿಷಯವೂ ಹಾಜರಿಯೇ. ಪ್ರವಾಸೋದ್ಯಮದವರು ಇದಕ್ಕೆ ಚೆಕ್-ಇನ್ ಅನ್ನುತ್ತಾರೆ. ನನಗೆ ಹಾಜರಿ ಅನ್ನುವ ಮಾತೇ ಇಷ್ಟ. ಅದನ್ನು ಕೇಳಿದ ಕೂಡಲೇ ಪ್ರಾಕ್ಸಿಯೂ ನೆನಪಾಗುತ್ತದೆ, ಗೈರುಹಾಜರಿಯೂ ನೆನಪಾಗುತ್ತದೆ. ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಂಡವನೇ ಒಳ್ಳೆಯ ಪ್ರವಾಸಿ ಪಾಸ್ ಮಾಡಬಲ್ಲ.

ಡಿಜಿಟಲ್ ಪ್ರವಾಸಿ ಪಾಸ್ ಅಂದರೆ ಫೋನಿನೊಳಗಿನ ಒಂದು ಕಾರ್ಡು. ಅದರಲ್ಲಿ ಹತ್ತೋ ಹನ್ನೆರಡೋ ಜಾಗದ ಹೆಸರು ಇರುತ್ತದೆ. ನಮ್ಮ ಕಡೆ ಮಾಡಿದರೆ ಕೋಟೆ, ಚಂದ್ರವಳ್ಳಿ, ಜೋಗಿಮಟ್ಟಿ, ಹಿರಿಯೂರಿನ ಕಡೆ ವಾಣಿವಿಲಾಸ ಸಾಗರ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ. ದಾವಣಗೆರೆ ಕಡೆ ಸಂತೆಬೆನ್ನೂರು ಪುಷ್ಕರಣಿ, ಹರಿಹರದ ಗುಡಿ. ನಡುವೆ ಹೊಟ್ಟೆಗೆ ಒಂದೆರಡು ದೋಸೆ ಹೋಟೆಲು. ಹೋದಲ್ಲೆಲ್ಲ ಹಾಜರಿ ಬೀಳುತ್ತದೆ. ಇಷ್ಟು ಹಾಜರಿ ಆದರೆ ಇಂಥ ಉಡುಗೊರೆ, ಅಥವಾ ಇಂಥ ಹೋಟೆಲಿನಲ್ಲಿ ಇಷ್ಟು ರಿಯಾಯಿತಿ. ಕೆಲವು ಪಾಸಿಗೆ ದುಡ್ಡು ಕೊಡಬೇಕು, ಕೆಲವು ಪುಕ್ಕಟೆ.

ಇಂಥದ್ದನ್ನು ಮಾಡೋಣ ಅಂತ ಕೂತಾಗ ಎಲ್ಲರೂ ಮೊದಲು ಮಾತಾಡುವುದು ಲೋಗೋ ಬಗ್ಗೆ. ಆಮೇಲೆ ಬಣ್ಣ, ಆಮೇಲೆ ಉದ್ಘಾಟನೆಗೆ ಯಾರನ್ನು ಕರೆಯೋದು ಅಂತ. ಹಾಜರಿ ಹಾಕೋದು ಹೇಗೆ ಅನ್ನುವ ಪ್ರಶ್ನೆ ಕೊನೆಗೆ ಬರುತ್ತದೆ. ‘ಅದಕ್ಕೇನು, ಒಂದು ಕ್ಯೂಆರ್ ಅಂಟಿಸಿದರೆ ಆಯ್ತು’ ಅಂತ ಯಾರೋ ಅನ್ನುತ್ತಾರೆ. ಅಲ್ಲಿಗೆ ಸಭೆ ಮುಗಿಯುತ್ತದೆ. ನಾನೂ ಹಾಗೇ ಅಂದಿದ್ದವನು. ಅದರ ಫಲ ಏನಾಯಿತು ಅಂತ ಮುಂದೆ ಹೇಳುತ್ತೇನೆ.

ಪುಕ್ಕಟೆ ಪಾಸಿಗೆ ಹಾಜರಿ ಯಾಕೆ?

ಬಸ್ಸಿನ ಉದಾಹರಣೆ ನೋಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ. ಆದರೂ ಕಂಡಕ್ಟರ್ ಗುರುತಿನ ಚೀಟಿ ನೋಡಿ ಶೂನ್ಯ ಟಿಕೆಟ್ ಕೊಡುತ್ತಾರೆ. ದುಡ್ಡಿಲ್ಲದ ಮೇಲೆ ಟಿಕೆಟ್ ಯಾಕೆ? ಯಾಕೆಂದರೆ ಆ ಲೆಕ್ಕ ಹಿಡಿದು ಸರ್ಕಾರ ಸಾರಿಗೆ ನಿಗಮಕ್ಕೆ ಹಣ ತುಂಬಿಕೊಡಬೇಕು. ಪ್ರಯಾಣಿಕರಿಗೆ ಸೊನ್ನೆ, ನಿಗಮಕ್ಕೆ ಸೊನ್ನೆ ಅಲ್ಲ. ಪಾಸಿನ ಕಥೆಯೂ ಅದೇ. ಹೋಟೆಲಿನವರು ದೋಸೆಗೆ ಹತ್ತು ರೂಪಾಯಿ ಬಿಟ್ಟರೆ ಆ ಹತ್ತು ರೂಪಾಯಿ ಯಾರೋ ಒಬ್ಬರ ಮೇಲೆ ಬೀಳುತ್ತದೆ. ಎಷ್ಟು ಜನ ಬಂದರು ಅನ್ನುವುದಕ್ಕೆ ಒಂದು ಚೀಟಿ ಬೇಕೇ ಬೇಕು.

ಜನ ಎಲ್ಲಿಗೆ ಹೋಗುತ್ತಿಲ್ಲ ಅಂತ ತಿಳಿಯಲೂ ಹಾಜರಿ ಬೇಕು. ಬೆಂಗಳೂರಿನಿಂದ ಬಂದವರು ಕೋಟೆ ನೋಡಿ, ಊಟ ಮಾಡಿ, ಹಂಪಿ ಕಡೆ ಹೊರಟುಬಿಡುತ್ತಾರೆ. ಹೋಗುವ ದಿಕ್ಕಿನಲ್ಲೇ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ ಅಂತ ಅವರಿಗೆ ಹೇಳಿದವರು ಯಾರು?

ಇದೆಲ್ಲ ನಮ್ಮ ಕಡೆಯ ಕಾರಣ ಆಯಿತು. ಬರುವವರಿಗೂ ಒಂದು ಕಾರಣ ಇದೆ. ‘ನಾನು ಇಲ್ಲಿಗೆ ಬಂದಿದ್ದೆ’ ಅಂತ ಎಲ್ಲಾದರೂ ಗುರುತು ಬಿಡುವ ಆಸೆ. ಕೋಟೆ ಬಂಡೆಗಳ ಮೇಲೆ ಹೆಸರು ಕೆತ್ತಿ ಹೃದಯ ಬಿಡಿಸಿದವರು ಮಾಡಿದ್ದೂ ಅದನ್ನೇ, ಅಸಹ್ಯವಾಗಿ. ಬ್ರಹ್ಮಗಿರಿ ಶಾಸನದ ಕೊನೆಯಲ್ಲಿ ಅದನ್ನು ಬರೆದ ಚಪಡ ಅನ್ನುವವನು ತನ್ನ ಹೆಸರು ಹಾಕಿದ್ದಾನೆ. ಇಡೀ ಶಾಸನ ಬ್ರಾಹ್ಮಿಯಲ್ಲಿದೆ. ಆದರೆ ಹೆಸರಿನ ಜೊತೆಗಿರುವ ‘ಲಿಪಿಕಾರ’ ಅನ್ನುವ ಮಾತು ಮಾತ್ರ ಖರೋಷ್ಠಿಯಲ್ಲಿದೆ. ಖರೋಷ್ಠಿ ವಾಯವ್ಯ ಭಾರತದ ಲಿಪಿ, ಬಲದಿಂದ ಎಡಕ್ಕೆ ಬರೆಯುವುದು. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಇಲ್ಲಿಗೆ ಬಂದು, ತನಗೆ ದೂರದ ಆ ಅಕ್ಷರವೂ ಬರುತ್ತದೆ ಅಂತ ಬಂಡೆಯ ಮೇಲೆ ತೋರಿಸಿಹೋಗಿದ್ದಾನೆ. ನಮ್ಮ ಜಿಲ್ಲೆಯ ಮೊದಲ ಹಾಜರಿ ಅದೇ ಅಂತ ನಾನು ತಮಾಷೆಗೆ ಹೇಳುತ್ತಿರುತ್ತೇನೆ. ಅವನಿಗೆ ಅದು ಕೆಲಸವಾಗಿತ್ತು, ಬಿಡಿ. ನಮಗೆ ಬಂಡೆ ಮುಟ್ಟುವ ಹಕ್ಕಿಲ್ಲ. ಕೆತ್ತುವ ಆಸೆಯನ್ನು ಫೋನಿನ ಕಡೆ ತಿರುಗಿಸಿದರೆ ಅಷ್ಟೇ ಲಾಭ.

ಪರದೇಶದಲ್ಲಿ ಇದನ್ನು ಕಾಗದದಲ್ಲೇ ಬಹಳ ಕಾಲದಿಂದ ಮಾಡುತ್ತಿದ್ದಾರೆ. ಜಪಾನಿನ ಎಷ್ಟೋ ರೈಲು ನಿಲ್ದಾಣಗಳಲ್ಲಿ ಮೇಜಿನ ಮೇಲೆ ರಬ್ಬರ್ ಮೊಹರು ಇರುತ್ತದೆ, ಪ್ರವಾಸಿಗರು ತಮ್ಮ ಪುಸ್ತಕಕ್ಕೆ ತಾವೇ ಒತ್ತಿಕೊಳ್ಳುತ್ತಾರೆ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ 1986ರಿಂದ ಇಂಥದೊಂದು ಪುಸ್ತಕ ಇದೆ. ಕಾವಲಿಗೆ ಯಾರೂ ಇರುವುದಿಲ್ಲ. ಬೇಕಾದರೆ ಗೆಳೆಯನ ಪುಸ್ತಕಕ್ಕೂ ಒತ್ತಬಹುದು. ಆದರೆ ಒತ್ತಿ ಏನು ಸಿಗುತ್ತದೆ? ಆ ಮೊಹರೇ ಬಹುಮಾನ. ಅದಕ್ಕೇ ಮೋಸ ಕಡಿಮೆ.

ಸ್ಪೇನಿನ ಸಾಂತಿಯಾಗೊ ಯಾತ್ರೆ ಸ್ವಲ್ಪ ಬೇರೆ. ಅಲ್ಲಿ ಕೊನೆಗೆ ಪ್ರಮಾಣಪತ್ರ ಕೊಡುತ್ತಾರೆ. ಅದಕ್ಕೆ ಕನಿಷ್ಠ 100 ಕಿಲೋಮೀಟರ್ ನಡೆದಿರಬೇಕು, ಸೈಕಲ್ಲಾದರೆ 200. ದಾರಿಯ ಛತ್ರ, ಚರ್ಚು, ಹೋಟೆಲುಗಳಲ್ಲಿ ಕಾರ್ಡಿಗೆ ಮೊಹರು ಹಾಕಿಸಿಕೊಳ್ಳುತ್ತಾ ಹೋಗುತ್ತಾರೆ. ಆ 100 ಕಿಲೋಮೀಟರಿಗೆ ಮಾತ್ರ ದಿನಕ್ಕೆ ಎರಡು ಮೊಹರು ಬೇಕು. ಪ್ರಮಾಣಪತ್ರ ನಿಂತಿರುವುದು ಆ ನೂರರ ಮೇಲೆ, ಬಸ್ಸು ಹತ್ತುವ ಆಸೆಯೂ ಅಲ್ಲೇ ಜಾಸ್ತಿ. ಬಿಗಿಯೂ ಅಷ್ಟಕ್ಕೇ ಇದೆ. ಇದು ನನಗೆ ತುಂಬಾ ಹಿಡಿಸಿದ ಲೆಕ್ಕ.

ಹಾಸ್ಟೆಲಿನಲ್ಲಿ ಕೂತು ಎಂಟು ಜಾಗ ಸುತ್ತಿದ ಹುಡುಗ

ಈಗ ನನ್ನ ಕಥೆ. ಕೆಲವು ವರ್ಷದ ಹಿಂದೆ ಒಂದು ಊರಿನ ಹಬ್ಬಕ್ಕೆ ಇಂಥದ್ದೇ ಪಾಸ್ ಮಾಡಿಕೊಟ್ಟೆ. ಯಾವ ಊರು ಅನ್ನುವುದು ಬೇಡ. ಎಂಟು ಜಾಗ, ಎಂಟು ಕ್ಯೂಆರ್ ಸ್ಟಿಕ್ಕರ್. ಎಂಟೂ ಮುಗಿಸಿದ ಮೊದಲಿಗನಿಗೆ ಸೈಕಲ್. ಶುರುವಾದ ಮೊದಲ ದಿನವೇ ಯಾರೋ ಎಂಟೂ ಸ್ಟಿಕ್ಕರ್ ಫೋಟೋ ಹೊಡೆದು ವಾಟ್ಸಾಪ್ ಗುಂಪಿಗೆ ಹಾಕಿದರು. ಸಂಜೆಯೊಳಗೆ ಗೆದ್ದವರ ಸಾಲು ಉದ್ದ ಆಯಿತು. ಒಬ್ಬ ಹುಡುಗ ಹಾಸ್ಟೆಲಿನ ಮಂಚ ಬಿಟ್ಟೇ ಎದ್ದಿರಲಿಲ್ಲ. ಎಂಟು ಜಾಗವನ್ನೂ ಐದು ನಿಮಿಷದಲ್ಲಿ ಮುಗಿಸಿದ್ದ.

ನಾನು ಗಾಬರಿಯಾಗಿ ಆ ರಾತ್ರಿಯೇ ಬಿಗಿ ಮಾಡಿದೆ. ಕ್ಯೂಆರ್ ಹೊಡೆದಾಗ ಜಿಪಿಎಸ್ ಕೂಡ ಹೊಂದಬೇಕು, ಅದೂ ಇಪ್ಪತ್ತು ಮೀಟರ್ ಒಳಗೆ. ಮಾರನೇ ದಿನ ಹಾಸ್ಟೆಲ್ ಹುಡುಗರು ನಿಂತರು ನಿಜ. ಜೊತೆಗೆ ಬಿಸಿಲಲ್ಲಿ ಮಕ್ಕಳನ್ನು ಕಟ್ಟಿಕೊಂಡು ಬಂದವರೂ ನಿಂತರು. ಎಪ್ಪತ್ತು ದಾಟಿದ ಒಬ್ಬ ಹಿರಿಯರು ಫೋನ್ ನನ್ನ ಮುಖದ ಹತ್ತಿರ ಹಿಡಿದು, ‘ನಾನು ಇಲ್ಲೇ ನಿಂತಿದೀನಿ. ಇದು ನೀವು ಇಲ್ಲಿಲ್ಲ ಅಂತೈತಲ್ಲಪ್ಪ’ ಅಂದರು. ನನಗೆ ಕಾಲೇಜಿನ ಗೆಳೆಯನ ಮುಖ ನೆನಪಾಯಿತು.

ತಪ್ಪು ಎರಡು ಕಡೆ ಆಗಿತ್ತು. ಮೊದಲನೆಯದು ಸೈಕಲ್. ಬಹುಮಾನ ದೊಡ್ಡದಾದಷ್ಟೂ ಪ್ರಾಕ್ಸಿ ದೊಡ್ಡದಾಗುತ್ತದೆ. ಎರಡನೆಯದು, ಪ್ರಾಕ್ಸಿ ಹಿಡಿಯಲು ಹೋಗಿ ನಿಜವಾಗಿ ಬಂದವರಿಗೆ ಗೈರು ಹಾಕಿದ್ದು. ಉಡುಗೊರೆ ಕೀ ಬಂಚಿನಂಥ ಸಣ್ಣದಾದರೆ, ಸುಳ್ಳು ಹಾಜರಿ ನಾಲ್ಕು ಬಿದ್ದರೂ ನಾಲ್ಕು ಕೀ ಬಂಚ್ ಹೋಗುತ್ತದೆ, ಅಷ್ಟೇ. ಬಂದವರನ್ನು ‘ನೀವು ಬಂದಿಲ್ಲ’ ಅಂತ ವಾಪಸ್ ಕಳಿಸಿದರೆ ಅವರು ಊರಿಗೇ ಮತ್ತೆ ಬರುವುದಿಲ್ಲ.

ಹಾಸ್ಟೆಲ್ ಹುಡುಗನನ್ನು ಹಿಡಿಯಲು ಅಷ್ಟು ಬಿಗಿ ಬೇಕಾಗಿಯೂ ಇರಲಿಲ್ಲ. ಗಡಿಯಾರ ಸಾಕಿತ್ತು. ಚಿತ್ರದುರ್ಗದಿಂದ ದಾವಣಗೆರೆಗೆ ಸುಮಾರು 60 ಕಿಲೋಮೀಟರ್. ಇಲ್ಲಿ ಹತ್ತು ಗಂಟೆಗೆ ಹಾಜರಿ, ಅಲ್ಲಿ ಹತ್ತೂ ಐದಕ್ಕೆ ಹಾಜರಿ ಅಂದರೆ ಅವನು ಗಾಳಿಯಲ್ಲಿ ಹಾರಿ ಹೋಗಿರಬೇಕು. ಎರಡು ಜಾಗದ ನಡುವಿನ ದೂರ, ಎರಡು ಹಾಜರಿಯ ನಡುವಿನ ಹೊತ್ತು, ಇವೆರಡನ್ನು ಹೋಲಿಸುವ ನಾಲ್ಕು ಸಾಲಿನ ಲೆಕ್ಕವನ್ನು ಹಿಂದೆ ಇಟ್ಟರೆ ಆಯಿತು. ನಿಜವಾಗಿ ಓಡಾಡುವವರಿಗೆ ಅದು ಇದೆ ಅಂತಲೂ ಗೊತ್ತಾಗುವುದಿಲ್ಲ.

ಯಾವ ಜಾಗಕ್ಕೆ ಯಾವುದು?

ಈ ಊರಲ್ಲಿ ಕಿಂಡಿ ಮಾತು ಬಾರದೆ ಯಾವ ಭಾಷಣವೂ ಮುಗಿಯುವುದಿಲ್ಲ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ. ಎರಡು ಬೇರೆ ಬೇರೆ ಕಂಪನಿಯ ಫೋನ್ ಹಿಡಿದು ನಾನು ಕೋಟೆಯಲ್ಲಿ ಒಂದು ಇಡೀ ದಿನ ಓಡಾಡಿದೆ. ಒಂದು ಕೋತಿ ಬಿಸ್ಕತ್ ಪೊಟ್ಟಣ ಕಿತ್ತುಕೊಂಡಿತು. ಫೋನ್ ಉಳಿಯಿತು, ಪುಣ್ಯ.

ಗೋಪಾಲಸ್ವಾಮಿ ಹೊಂಡದ ದಂಡೆಯಲ್ಲಿ ನಿಂತಾಗ ನಕ್ಷೆಯ ನೀಲಿ ಚುಕ್ಕಿ ಸರಿಯಾಗಿ ದಂಡೆಯ ಮೇಲೇ ಇತ್ತು. ಅಲ್ಲಿ ಮೇಲೆ ಬಯಲು. ಆಕಾಶ ತೆರೆದಿರುವ ಕಡೆ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ಹೇಳುತ್ತದೆ. ಒನಕೆ ಓಬವ್ವನ ಕಿಂಡಿಯ ಹತ್ತಿರ ಬಂದರೆ ಅದೇ ಚುಕ್ಕಿ ಕುಣಿಯತೊಡಗಿತು. ನಾನು ನಿಂತಲ್ಲೇ ನಿಂತಿದ್ದೆ, ಅದು ಬಂಡೆ ಹತ್ತಿ ಇಳಿಯುತ್ತಿತ್ತು. ಕಾರಣ ಸರಳ. ಜಿಪಿಎಸ್ ಉಪಗ್ರಹಗಳು ಸುಮಾರು 20,000 ಕಿಲೋಮೀಟರ್ ಮೇಲಿವೆ. ಅಲ್ಲಿಂದ ಬರುವ ಸಣ್ಣ ಸಂಕೇತ ಎಷ್ಟು ಹೊತ್ತಿನಲ್ಲಿ ಬಂತು ಅಂತ ಅಳೆದು ಫೋನ್ ತಾನಿರುವ ಜಾಗ ಲೆಕ್ಕ ಹಾಕುತ್ತದೆ. ಎರಡೂ ಕಡೆ ಬಂಡೆ ಇದ್ದರೆ ಕೆಲವು ಸಂಕೇತ ಬರುವುದೇ ಇಲ್ಲ. ಬಂದದ್ದು ಬಂಡೆಗೆ ಬಡಿದು ಸುತ್ತಿ ಬರುತ್ತದೆ. ಸುತ್ತಿ ಬಂದಿದ್ದಕ್ಕೆ ಹೊತ್ತು ಜಾಸ್ತಿ. ಫೋನ್ ಅದನ್ನು ದೂರ ಅಂತ ತಿಳಿಯುತ್ತದೆ.

ಹಾಗಾದರೆ ಹಾಜರಿ ಒಪ್ಪುವ ವೃತ್ತ ದೊಡ್ಡದು ಮಾಡೋಣ ಅನ್ನುತ್ತೀರಿ. ಆಂಡ್ರಾಯ್ಡ್ ಫೋನಿಗೆ ಇಂಥ ಬೇಲಿ ಹಾಕುವವರಿಗೆ ಗೂಗಲ್ ಹೇಳುವುದೂ ಅದನ್ನೇ. ಕನಿಷ್ಠ 100ರಿಂದ 150 ಮೀಟರ್ ಇರಲಿ ಅಂತ. ನನ್ನ ಇಪ್ಪತ್ತು ಮೀಟರ್ ಎಷ್ಟು ಹುಚ್ಚುತನ ಅಂತ ಈಗ ಗೊತ್ತಾಯಿತಲ್ಲ? ಆದರೆ ನಮ್ಮ ಕೋಟೆ ಊರಿಗೆ ಅಂಟಿಕೊಂಡೇ ಇದೆ. ವೃತ್ತ ಸ್ವಲ್ಪ ಹಿಗ್ಗಿದರೆ ಕೆಳಗಿನ ಬೀದಿಯ ಮನೆಗಳೂ ಒಳಗೆ ಬರುತ್ತವೆ. ಹಾಸಿಗೆಯಲ್ಲಿ ಮಲಗಿದವರಿಗೂ ಕಿಂಡಿಯ ಹಾಜರಿ. ಇದರ ಮೇಲೆ, ಸುಳ್ಳು ಜಾಗ ತೋರಿಸುವ ಆ್ಯಪ್‌ಗಳು ಆಂಡ್ರಾಯ್ಡಿನಲ್ಲಿ ಸುಲಭವಾಗಿ ಸಿಗುತ್ತವೆ.

ಅಂದರೆ ಜಿಪಿಎಸ್ ಕೆಟ್ಟದ್ದಲ್ಲ. ಅದರ ಜಾಗ ವಾಣಿವಿಲಾಸ ಸಾಗರ. 1907ರಲ್ಲಿ ಮುಗಿದ ಅಣೆಕಟ್ಟು, ವಿಶಾಲವಾದ ನೀರು, ಮೇಲೆ ಬಯಲು. 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ಎಂಥಾ ಜನ ಸೇರಿದ್ದರು ಅಂತ ನಿಮಗೇ ಗೊತ್ತು. ಅಂಥ ದಿನ ಒಂದು ಕ್ಯೂಆರ್ ಬೋರ್ಡಿನ ಮುಂದೆ ಎಲ್ಲರನ್ನೂ ಸಾಲು ನಿಲ್ಲಿಸಿದರೆ ತಳ್ಳಾಟ ಗ್ಯಾರಂಟಿ. ಅಲ್ಲಿ ದೊಡ್ಡ ಬೇಲಿ ಹಾಕಿ. ಬಂದವರು ಎಲ್ಲೇ ನಿಂತು ಗುಂಡಿ ಒತ್ತಲಿ.

ಕೋಟೆಗೆ ಕ್ಯೂಆರ್ ಸರಿ. ಆದರೆ ಸ್ಟಿಕ್ಕರ್ ಬೇಡ. ನಮ್ಮ ಬಿಸಿಲಿಗೆ ಬಣ್ಣ ಹಾರುತ್ತದೆ. ಲ್ಯಾಮಿನೇಷನ್ ಮಾಡಿದರೆ ಮಧ್ಯಾಹ್ನ ಹೊಳೆದು ಕ್ಯಾಮೆರಾಕ್ಕೆ ಏನೂ ಕಾಣುವುದಿಲ್ಲ. ಮಂಕು ಬಿಳಿಯ ತಗಡಿನ ಮೇಲೆ ಗಟ್ಟಿ ಕಪ್ಪು ಇರಬೇಕು. ಎಷ್ಟು ದೂರದಿಂದ ಹೊಡೆಯಬೇಕೋ ಅದರ ಹತ್ತನೇ ಒಂದು ಭಾಗ ಅಗಲ ಇರಲಿ. ಒಂದು ಮೀಟರ್ ದೂರಕ್ಕೆ ಹತ್ತು ಸೆಂಟಿಮೀಟರ್. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿ ಕ್ಯೂಆರ್ ಮಾಡಿದ್ದು ಕಾರಿನ ಬಿಡಿಭಾಗಗಳ ಲೆಕ್ಕಕ್ಕೆ. ಕಾರ್ಖಾನೆಯ ಎಣ್ಣೆ ಜಿಡ್ಡಿನಲ್ಲೂ ಓದಬೇಕಿತ್ತು. ಅದಕ್ಕೆ ಕೆಟ್ಟರೂ ತಾನೇ ಸರಿ ಮಾಡಿಕೊಳ್ಳುವ ಗುಣ ಇಟ್ಟಿದ್ದಾರೆ. ನಾಲ್ಕು ಹಂತ ಇವೆ, ಸುಮಾರು 7, 15, 25, 30 ಶೇಕಡಾ. ಹೊರಗಿನ ಬೋರ್ಡಿಗೆ ಮೇಲಿನ ಹಂತವನ್ನೇ ಆರಿಸಿ, ಒಂದಿಷ್ಟು ಗೀಚಿದರೂ ಓದುತ್ತದೆ. ಆದರೆ ಮೂರು ಮೂಲೆಯ ದೊಡ್ಡ ಚೌಕಗಳಿಗೆ ಪೆಟ್ಟಾದರೆ ಮುಗಿಯಿತು. ಫೋನ್ ಮೊದಲು ಹುಡುಕುವುದೇ ಅವನ್ನು.

ಇನ್ನೊಂದು ಸಂಗತಿ ಸಣ್ಣದು ಅನ್ನಿಸಬಹುದು. ಜನರಿಗೆ ಕ್ಯೂಆರ್ ಅಂದರೆ ದುಡ್ಡು. ಎಳನೀರು ಗಾಡಿಯಿಂದ ಹಿಡಿದು ಎಲ್ಲ ಕಡೆ ಯುಪಿಐ ಚೌಕವೇ. ಪಾಸಿನ ಚೌಕವನ್ನೂ ಫೋನ್‌ಪೇ ತೆಗೆದೇ ಹೊಡೆಯುತ್ತಾರೆ. ಅದು ಆಗುವುದಿಲ್ಲ ಅಂದಾಗ ‘ಸರ್ವರ್ ಡೌನ್’ ಅಂದುಕೊಂಡು ಹೋಗುತ್ತಾರೆ. ಇನ್ನು ಕೆಲವರು ದುಡ್ಡು ಕಟ್ ಆಗುತ್ತೇನೋ ಅಂತ ಹತ್ತಿರವೇ ಬರುವುದಿಲ್ಲ. ಹಾಗಾಗಿ ಬೋರ್ಡಿನ ಮೇಲೆ ಚೌಕಕ್ಕಿಂತ ದೊಡ್ಡದಾಗಿ ‘ಇಲ್ಲಿ ಹಾಜರಿ ಹಾಕಿ, ದುಡ್ಡು ಕೊಡಬೇಕಿಲ್ಲ’ ಅಂತ ಕನ್ನಡದಲ್ಲಿ ಬರೆಯಿರಿ. ಅದರ ಮೇಲೆ ಯಾರಾದರೂ ತಮ್ಮ ಯುಪಿಐ ಸ್ಟಿಕ್ಕರ್ ಅಂಟಿಸಿದ್ದಾರಾ ಅಂತ ಆಗಾಗ ನೋಡಿಕೊಳ್ಳಲು ಒಬ್ಬರನ್ನು ನೇಮಿಸಿ. ಇಂಥ ಮೋಸ ದೇಶದಲ್ಲೆಲ್ಲ ನಡೆದಿದೆ.

ಕೋಟೆ ಪುರಾತತ್ವ ಇಲಾಖೆಯ ಸುಪರ್ದಿಯಲ್ಲಿದೆ. ಅವರ ಒಪ್ಪಿಗೆ ಇಲ್ಲದೆ ಒಳಗೆ ಒಂದು ಮೊಳೆಯನ್ನೂ ಹೊಡೆಯುವ ಹಾಗಿಲ್ಲ. ಒಪ್ಪಿಗೆ ಸಿಗುವ ತನಕ ಬೋರ್ಡು ಬಾಗಿಲ ಹೊರಗೇ. ಮೇಲೆ ಕೆಲವು ಕಡೆ ನೆಟ್‌ವರ್ಕ್ ಸಿಗುವುದಿಲ್ಲ, ಜೋಗಿಮಟ್ಟಿಯಲ್ಲಂತೂ ಕೇಳುವುದೇ ಬೇಡ. ಹಾಜರಿಯನ್ನು ಫೋನ್ ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡು, ಕೆಳಗಿಳಿದು ಸಿಗ್ನಲ್ ಸಿಕ್ಕಾಗ ಕಳಿಸಬೇಕು. ‘ಹಾಜರಿ ಬಿತ್ತು, ಆಮೇಲೆ ಕಳಿಸುತ್ತೇನೆ’ ಅಂತ ಪರದೆ ಮೇಲೆ ಬರಬೇಕು. ಸುಮ್ನೆ ಚಕ್ರ ತಿರುಗುತ್ತಾ ಇದ್ದರೆ ಯಾರಿಗೂ ತಾಳ್ಮೆ ಇರುವುದಿಲ್ಲ.

ಚಂದ್ರವಳ್ಳಿ ನನ್ನ ಇಷ್ಟದ ಜಾಗ. ಮಯೂರಶರ್ಮನ ಶಾಸನ ಅಲ್ಲಿದೆ, ಕೆರೆಯ ವಿಷಯ ಹೇಳುವ ಶಾಸನ. ಅಗೆದಾಗ ರೋಮ್ ನಾಣ್ಯಗಳೂ ಸಿಕ್ಕವು. ಅಷ್ಟು ದೂರದ ನಾಣ್ಯ ಇಲ್ಲಿಗೆ ಬಂದಿತ್ತು, ನಾವು ಪ್ರವಾಸಿಗರು ಬರಲಿಲ್ಲ ಅಂತ ಒದ್ದಾಡುತ್ತಿದ್ದೇವೆ! ಇರಲಿ. ಅಂಕಲಿ ಮಠದ ಗುಹೆಯೊಳಗೆ ಜಿಪಿಎಸ್ ಇಲ್ಲ, ಬೆಳಕಿಲ್ಲ, ಬೋರ್ಡು ಹಾಕಿದರೂ ಕಾಣುವುದಿಲ್ಲ. ಆದರೆ ಅಲ್ಲಿ ಟಾರ್ಚ್ ಹಿಡಿದ ಗೈಡ್ ಇದ್ದಾರೆ. ಅವರಿಲ್ಲದೆ ಹೊಸಬರು ಒಳಗೆ ಹೋಗುವುದು ಕಷ್ಟ. ಹಾಗಾದರೆ ಅವರೇ ಹಾಜರಿ ಹಾಕಲಿ. ಪ್ರವಾಸಿಯ ಫೋನಿನಲ್ಲಿ ಅವರವರ ಕೋಡ್ ಬರುತ್ತದೆ, ಗೈಡ್ ತಮ್ಮ ಫೋನಿನಿಂದ ಹೊಡೆಯುತ್ತಾರೆ. ಸುತ್ತು ಮುಗಿದು ಹೊರಗೆ ಬಂದ ಮೇಲೆ ಹೊಡೆಯಬೇಕು, ಒಳಗೆ ಹೋಗುವ ಮುಂಚೆ ಅಲ್ಲ. ಎಷ್ಟು ಜನರನ್ನು ಕರೆದೊಯ್ದರು ಅನ್ನುವ ಲೆಕ್ಕ ಗೈಡ್‌ಗೂ ಸಿಗುತ್ತದೆ. ನಾಳೆ ಅವರು ಯಾರ ಹತ್ತಿರವಾದರೂ ಏನಾದರೂ ಕೇಳಬೇಕಾದರೆ ಕೈಯಲ್ಲಿ ಒಂದು ಅಂಕಿ ಇರುತ್ತದೆ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಹಾಜರಿ ಇಲ್ಲ. ಮನುಷ್ಯರು ಮನುಷ್ಯರನ್ನು ನೋಡಿ ‘ಬಂದಿದ್ದಾರೆ’ ಅನ್ನುವುದು.

ಇದರಲ್ಲೂ ಪ್ರಾಕ್ಸಿ ಇದೆ. ಕೋಡಿನ ಸ್ಕ್ರೀನ್‌ಶಾಟ್ ಗೆಳೆಯನಿಗೆ ಕಳಿಸಬಹುದು. ದುಡ್ಡು ಕೊಟ್ಟು ಕೊಂಡ ಪಾಸಾದರೆ ಇದನ್ನು ತಡೆಯಬೇಕು, ಉಚಿತವಾದರೆ ತಲೆ ಕೆಡಿಸಿಕೊಳ್ಳಬೇಡಿ. ತಡೆಯುವುದು ಹೇಗೆಂದರೆ, ಕೋಡ್ ಪ್ರತಿ 30 ಸೆಕೆಂಡಿಗೆ ಬದಲಾಗುವ ಹಾಗೆ ಮಾಡುವುದು. ಲಾಗಿನ್ ಮಾಡುವಾಗ ಆರು ಅಂಕಿ ಬದಲಾಗುತ್ತಾ ಇರುವ ಆ್ಯಪ್ ನೋಡಿರುತ್ತೀರಿ, ಅದೇ ತಂತ್ರ. ಒಂದು ಗುಟ್ಟಿನ ಸಂಖ್ಯೆಯನ್ನೂ ಗಡಿಯಾರದ ಹೊತ್ತನ್ನೂ ಕೂಡಿಸಿ ಅಂಕಿ ಹುಟ್ಟುತ್ತದೆ. ಪ್ರವಾಸಿಯ ಫೋನಿಗೆ ಆ ಹೊತ್ತಿನಲ್ಲಿ ನೆಟ್‌ವರ್ಕ್ ಬೇಕಾಗುವುದೂ ಇಲ್ಲ.

ಫೋನ್ ತಾಗಿಸಿದರೆ ಸಾಕು ಅನ್ನುವ ಎನ್‌ಎಫ್‌ಸಿ ಬಿಲ್ಲೆಗಳ ಬಗ್ಗೆ ಕಾಲೇಜು ಹುಡುಗರು ಕೇಳಿದರು. ಚೆನ್ನಾಗಿವೆ. ನಾಲ್ಕು ಸೆಂಟಿಮೀಟರ್ ಹತ್ತಿರ ಹಿಡಿಯಬೇಕು, ಹಾಗಾಗಿ ದೂರದಿಂದ ಫೋಟೋ ಹೊಡೆಯುವ ಮಾತಿಲ್ಲ. ಮುಟ್ಟಿದಾಗೆಲ್ಲ ಹೊಸ ಕೊಂಡಿ ಕೊಡುವ ಬಿಲ್ಲೆಗಳೂ ಇವೆ, ಅವಕ್ಕೆ ಪ್ರಾಕ್ಸಿ ಹಾಕುವುದು ಬಹಳ ಕಷ್ಟ. ಆದರೆ ಕಡಿಮೆ ಬೆಲೆಯ ಎಷ್ಟೋ ಫೋನುಗಳಲ್ಲಿ ಎನ್‌ಎಫ್‌ಸಿ ಇಲ್ಲ. ಕಬ್ಬಿಣದ ತಗಡಿನ ಮೇಲೆ ಮಾಮೂಲಿ ಬಿಲ್ಲೆ ಕೆಲಸ ಮಾಡುವುದಿಲ್ಲ, ಅದಕ್ಕೆ ಬೇರೆ ಜಾತಿಯದ್ದು ಬೇಕು. ಹತ್ತಿರ ಬಂದ ಫೋನಿಗೆ ಸಂಕೇತ ಕಳಿಸುವ ಬ್ಲೂಟೂತ್ ಪೆಟ್ಟಿಗೆಗಳಿಗೆ ಬ್ಯಾಟರಿ ಬದಲಿಸುತ್ತಾ ಕೂರಬೇಕು. ನಮ್ಮ ಕೋತಿಗಳು ಅದನ್ನು ಎಷ್ಟು ದಿನ ಬಿಡುತ್ತವೆ?

ಹೋಟೆಲಿನವರು ಮುಂದಿನ ಸಾಲಿನಲ್ಲೇ ಇದ್ದೀರಿ. ನಿಮಗೆ ಸಾಮಾನ್ಯವಾಗಿ ಹೇಳುವುದು ಗುಟ್ಟಿನ ನಂಬರು. ಗ್ರಾಹಕರು ಪಾಸ್ ತೋರಿಸುತ್ತಾರೆ, ಗಲ್ಲಾದಲ್ಲಿ ಕೂತವರು ಅವರ ಫೋನಿನಲ್ಲಿ ನಾಲ್ಕು ಅಂಕಿ ಒತ್ತುತ್ತಾರೆ. ಕೇಳಲು ಚೆಂದ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ದಾವಣಗೆರೆಯ ದೋಸೆ ಹೋಟೆಲಿನ ಗಲ್ಲಾ ಹತ್ತಿರ ಇದನ್ನು ಮಾಡಿ ನೋಡಿ. ಒಲೆ ಮುಂದೆ ಜನ, ಟೇಬಲ್ ಹಿಂದೆ ಜನ, ಗಲ್ಲಾದವರಿಗೆ ಚಿಲ್ಲರೆ ಎಣಿಸಲೂ ಪುರುಸೊತ್ತಿಲ್ಲ. ಎರಡನೇ ವಾರಕ್ಕೆ ಅವರು ‘ನಾಲ್ಕು ಸೊನ್ನೆ ನಾಲ್ಕು ಒಂದು, ನೀವೇ ಒತ್ಕಳ್ರಿ’ ಅಂತ ಜೋರಾಗಿ ಕೂಗುತ್ತಾರೆ. ಗುಟ್ಟು ಅಲ್ಲಿಗೆ ಮುಗಿಯಿತು. ಅವರ ತಪ್ಪಲ್ಲ. ಕೆಲಸ ಮಾಡುವವರ ಕೈಗೆ ಇನ್ನೊಂದು ಕೆಲಸ ತುರುಕಿದವರ ತಪ್ಪು. ಬಿಲ್ ಕೊಡುವ ಹೋಟೆಲಾದರೆ ಬಿಲ್ಲಿನ ಕೊನೆಗೆ ಒಂದು ಸಲಕ್ಕೆ ಮಾತ್ರ ನಡೆಯುವ ಕೋಡ್ ಅಚ್ಚಾಗಲಿ. ಬಿಲ್ಲೇ ಇಲ್ಲದ ಸಣ್ಣ ಹೋಟೆಲಿಗೆ ನಂಬರೇ ಸರಿ, ಆದರೆ ದಿನಕ್ಕೊಂದು ನಂಬರ್, ಬೆಳಿಗ್ಗೆ ಮಾಲೀಕರ ಫೋನಿಗೆ ಬರುವಂಥದ್ದು. ಇವತ್ತಿನದು ಸೋರಿದರೂ ನಾಳೆಗೆ ಹಳಸಿರುತ್ತದೆ.

ಹರಿಹರದ ಗುಡಿ 1224ರಲ್ಲಿ ಕಟ್ಟಿದ್ದು. ಅಲ್ಲಿಗೆ ನೋಡಲು ಬರುವವರಷ್ಟೇ ಅಲ್ಲ, ಕೈಮುಗಿಯಲು ಬರುವವರೂ ಇದ್ದಾರೆ. ಗರ್ಭಗುಡಿ ಮುಂದೆ ಫೋನ್ ಎತ್ತಿಸುವ ಯಾವ ಹಾಜರಿಯೂ ಬೇಡ. ಚಪ್ಪಲಿ ಬಿಡುವ ಜಾಗದ ಹತ್ತಿರ ಬೋರ್ಡಿದ್ದರೆ ಸಾಕು. ಹೇಗೂ ಎಲ್ಲರೂ ಅಲ್ಲಿ ಒಂದು ನಿಮಿಷ ನಿಲ್ಲುತ್ತಾರೆ.

ಬ್ರಹ್ಮಗಿರಿಗೆ ಮಾತ್ರ ನಾನು ಪ್ರಶ್ನೆ ಇಡುತ್ತೇನೆ. ‘ಶಾಸನದ ಹತ್ತಿರ ನಿಂತು ನೋಡಿ, ಕೊನೆಯ ಸಾಲಿನಲ್ಲಿ ಬೇರೆ ಥರ ಕಾಣುವ ಅಕ್ಷರ ಎಲ್ಲಿದೆ?’ ಉತ್ತರ ವಾಟ್ಸಾಪಿನಲ್ಲಿ ಓಡಾಡುತ್ತದೆ, ಗೊತ್ತು. ಓಡಾಡಲಿ. ಖರೋಷ್ಠಿ ಅನ್ನುವ ಹೆಸರು ನಾಲ್ಕು ಗುಂಪಿನಲ್ಲಿ ಓಡಾಡಿದರೆ ನಷ್ಟ ಯಾರಿಗೆ?

ಫೋನ್ ಇಲ್ಲದವರು, ಫೋನ್ ಕೊಡಬಾರದವರು

ಡಿಸೆಂಬರ್ ಬಂದರೆ ಕೋಟೆ ತುಂಬಾ ಶಾಲೆ ಮಕ್ಕಳು. ಅವರ ಹತ್ತಿರ ಫೋನ್ ಇಲ್ಲ, ಇರಲೂಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದ ಒಳಗಿನವರ ಮಾಹಿತಿ ತೆಗೆದುಕೊಳ್ಳಲು ಅಪ್ಪ ಅಮ್ಮನ ಒಪ್ಪಿಗೆ ಬೇಕು. ಹಾಗಾಗಿ ಮೇಷ್ಟ್ರ ಫೋನಿನಲ್ಲಿ ಒಂದೇ ಹಾಜರಿ, ಜೊತೆಗೆ ಮಕ್ಕಳ ಸಂಖ್ಯೆ. ಹೆಸರು ಬೇಡ. ಮಕ್ಕಳಿಗೆ ಕೈಗೆ ಒಂದು ರಟ್ಟಿನ ಕಾರ್ಡು ಕೊಟ್ಟು ಮೊಹರು ಒತ್ತಿಸಿ. ಆ ಕಾರ್ಡು ಮನೆಗೆ ಹೋಗುತ್ತದೆ, ‘ಅಪ್ಪಾ, ಇನ್ನೂ ನಾಲ್ಕು ಬಾಕಿ ಐತೆ’ ಅನ್ನುತ್ತದೆ. ಬಟನ್ ಮೊಬೈಲ್ ಇಟ್ಟುಕೊಂಡ ಅಜ್ಜಂದಿರಿಗೂ ಅದೇ ಕಾರ್ಡು.

ದೊಡ್ಡವರ ವಿಷಯದಲ್ಲೂ ಅಷ್ಟೇ. ಹಾಜರಿ ಹಾಕುವ ಆ ಒಂದು ಗಳಿಗೆಗೆ ಜಾಗ ಕೇಳಿ, ಇಡೀ ದಿನ ಬೆನ್ನು ಹತ್ತಬೇಡಿ. ‘ಯಾವಾಗಲೂ ಲೊಕೇಶನ್ ಕೊಡಿ’ ಅಂತ ಕೇಳುವ ಪಾಸನ್ನು ನಾನಂತೂ ಹಾಕಿಕೊಳ್ಳುವುದಿಲ್ಲ. ಯಾವ ಜಾಗ, ಯಾವ ಹೊತ್ತು, ಇಷ್ಟು ಸಾಕು.

ಎಲ್ಲ ಕಡೆಯೂ ಎರಡನೇ ದಾರಿ ಒಂದು ಇರಲೇಬೇಕು. ಕ್ಯೂಆರ್ ಓದದಿದ್ದರೆ ಅದರ ಕೆಳಗೇ ದಪ್ಪ ಅಕ್ಷರದಲ್ಲಿ ಒಂದು ಪದ ಇರಲಿ, ಟೈಪ್ ಮಾಡಲು. ಅದೂ ಆಗದಿದ್ದರೆ ಒಂದು ಫೋಟೋ ತೆಗೆದು ಕಳಿಸಿದರೂ ನಡೆಯಲಿ, ಆಮೇಲೆ ಯಾರಾದರೂ ನೋಡಿ ಹಾಜರಿ ಹಾಕುತ್ತಾರೆ. ಉಡುಗೊರೆ ಕೊಡುವ ಕಟ್ಟೆಯಲ್ಲಿ ಕೂತವರಿಗೆ ‘ಇವರು ಬಂದಿದ್ದಾರೆ’ ಅಂತ ತಾವೇ ಒತ್ತುವ ಅಧಿಕಾರ ಕೊಡಿ. ಎದುರಿಗೆ ಬೆವರು ಒರೆಸಿಕೊಳ್ಳುತ್ತಾ ನಿಂತವರನ್ನು ನೋಡಿದರೆ ಅವರಿಗೇ ಗೊತ್ತಾಗುತ್ತದೆ, ಅಲ್ವಾ?

ಮಾತು ಮುಗಿಸಿ ಪ್ರಶ್ನೆ ಕೇಳಿ ಅಂದೆ. ಹುಡುಗರು ಸರ್ವರ್ ಬಗ್ಗೆ ಕೇಳಿದರು. ಒಬ್ಬ ಆಟೋದವರು ‘ದಿನಾ ಐದು ಸಲ ಕೋಟೆಗೆ ಬರ್ತೀವಿ ಸಾರ್, ನಮಗೆಷ್ಟು ಹಾಜರಿ?’ ಅಂದರು. ಎಲ್ಲರೂ ನಕ್ಕರು. ಒಬ್ಬರಿಗೆ ಒಂದು ಜಾಗದಲ್ಲಿ ದಿನಕ್ಕೊಂದೇ ಅಂದೆ. ಆದರೆ ನೀವು ಕರೆತಂದವರ ಲೆಕ್ಕ ಬೇರೆ ಇಡಬಹುದು ಅಂತಲೂ ಹೇಳಿದೆ. ಅದು ಅವರಿಗೆ ಹಿಡಿಸಿತು.

ಕೊನೆಗೆ ಹಿಂದೆ ನಿಂತಿದ್ದ ಒಬ್ಬ ಅಕ್ಕ ಕೈ ಎತ್ತಿದರು. ಕೋಟೆ ಬಾಗಿಲ ಹೊರಗೆ ಮಜ್ಜಿಗೆ, ಸೌತೆಕಾಯಿ ಮಾರುವವರು. ‘ಒಳಗೆ ಒಪ್ಪಿಗೆ ಸಿಗೋ ತನಕ ಬೋರ್ಡು ಹೊರಗೆ ಅಂದ್ರಲ್ಲ, ಹೊರಗೆ ಅಂದ್ರೆ ಎಲ್ಲಿ?’ ಅಂದರು. ಬಾಗಿಲ ಪಕ್ಕ, ಎಲ್ಲರಿಗೂ ಕಾಣುವ ಹಾಗೆ ಅಂದೆ. ಅವರು ತಲೆ ಆಡಿಸಿದರು.

‘ಅಲ್ಲಿ ಹತ್ತು ಗಂಟೆ ಮೇಲೆ ನಿಲ್ಲಕ್ಕಾಗಲ್ಲ ಸಾರ್. ಫೋನಲ್ಲಿ ಏನೂ ಕಾಣಲ್ಲ, ಜನ ಎಲ್ಲ ನನ್ನ ಛತ್ರಿ ಕೆಳಗೇ ಬಂದು ನೋಡ್ಕಳ್ಳೋದು. ಅಲ್ಲೇ ಹಾಕ್ರಿ. ಬಣ್ಣಾನೂ ಹೋಗಲ್ಲ.’